ಬಾನುಲಿಯ ವಾರ್ತೆಯೂ ತರುಣ ಶ್ರೋತೃವರ್ಗವೂ

ಒಬ್ಬ ವರ್ತಕನ ಲಾಭಕ್ಕಾಗಲಿ ಒಂದು ಪಕ್ಷದ ಹಿತಕ್ಕಾಗಲಿ ಅಲ್ಲದೆ, ನಾಡಿನ ಸಕಲ ಜನರಿಗಾಗಿ ಸಾರ್ವಜನಿಕ ಧನದಿಂದ ನಡೆಯುವ ಬಾನುಲಿಗೆ ಸಾರ್ವಜನಿಕ ಸೇವೆಯ ಬಾನುಲಿಯೆಂದು ಹೆಸರು. ನಮ್ಮಲ್ಲಿ ಅದು ಆಕಾಶವಾಣಿ. ಇಂಥ ಬಾನುಲಿಯ ಕಾರ್ಯಗಳಲ್ಲೆಲ್ಲ ವಾರ್ತಾಪ್ರಸಾರವೇ ಮುಖ್ಯವಾದುದೆಂಬುದರಲ್ಲಿ ಭಿನ್ನಾಭಿಪ್ರಾಯ ಕಡಮೆ. ಆದರೆ ಹದಿನೈದರಿಂದ ಮೂವತ್ತು ವರ್ಷಗಳ ನಡುವಿನ ತರುಣ ತರುಣಿಯರು ಆ ವಾರ್ತೆಗೆ ಏಕೆ ಕಿವಿಗೊಡುತ್ತಾರೆ, ಯಾವ ಘಟ್ಟದಲ್ಲಿ ಕಿವಿಯನ್ನು ತಿರುಗಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉತ್ತರವು ಅಷ್ಟು ಸುಲಭವಾಗಿ ದೊರೆಯತಕ್ಕುದಲ್ಲ. ಹಾಡಿನ ನಡುವೆ ವಾರ್ತೆಯನ್ನು ಸೇರಿಸಿದರೆ ತರುಣರು ಬರುವರೆಂದು ಕೆಲವರೂ, ತರುಣರಿಗೆ ವಾರ್ತೆಯೇ ಬೇಡವೆಂದು ಕೆಲವರೂ ಹೇಳುವುದುಂಟು. ಎರಡು ಮಾತುಗಳೂ ಪೂರ್ಣ ಸತ್ಯವಲ್ಲವೆಂಬುದನ್ನು ಈ ಲೇಖನದಲ್ಲಿ ವಿಚಾರಿಸಲಾಗಿದೆ.

ವಿಚಾರವು ಗಾಳಿಯಲ್ಲಿ ತೇಲದಿರಬೇಕಾದರೆ ಒಂದು ನೆಲವನ್ನು ಹಿಡಿದುಕೊಳ್ಳುವುದು ಒಳ್ಳೆಯದು. ಗದಗ ಜಿಲ್ಲೆಯ ರೋಣ ತಾಲೂಕಿನಲ್ಲಿ ಅಸೂಟಿಯೆಂಬ ಗ್ರಾಮವಿದೆ. ಎರೆಭೂಮಿಯ ಸೀಮೆ, ಜೋಳ, ಕಡಲೆ, ಹತ್ತಿ, ಮೆಣಸಿನಕಾಯಿ ಇಲ್ಲಿಯ ಬೆಳೆಗಳು. ಅಸೂಟಿಯ ತರುಣನಿಗೆ ಇಂದು ವೃತ್ತಪತ್ರಿಕೆಗಳು ಹಲವಿವೆ, ದೂರದರ್ಶನದ ವಾಹಿನಿಗಳು ಹಲವಿವೆ, ಕೈಯಲ್ಲಿ ಮೊಬೈಲು ಇದೆ. ಬಾನುಲಿಯ ಮಾತು ಬೇರೆ. ೨೦೦೧ನೆಯ ಇಸವಿಯ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಭಾರತದ ಮೊದಲನೆಯ ಖಾಸಗಿ ಎಫ್.ಎಂ. ನಿಲಯವು ಪ್ರಾರಂಭವಾದಂದಿನಿಂದ ಅಂಥ ನಿಲಯಗಳು ಊರೂರಿಗೆ ಹಬ್ಬಿದರೂ, ಸ್ವಂತವಾಗಿ ವಾರ್ತೆಯನ್ನು ಸಿದ್ಧಪಡಿಸಿ ಓದುವ ಅಧಿಕಾರವನ್ನು ಸರಕಾರವು ಅವಕ್ಕೆ ಕೊಟ್ಟಿಲ್ಲ. ೨೦೧೧ರ ನೀತಿಯಂತೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರವೂ ಬದಲಿಸದೆ ಮರುಪ್ರಸಾರ ಮಾಡಲು ಮಾತ್ರ ಅನುಮತಿ ದೊರೆಯಿತು. ಸಮುದಾಯ ಬಾನುಲಿಗಳಿಗೂ ಇದೇ ಕಟ್ಟು. ಹಿಂದಿ, ತಮಿಳುಗಳಲ್ಲಿ ಬಹುಕಾಲ ವಾರ್ತೆಯನ್ನು ಬಿತ್ತರಿಸಿದ ಇಂಗ್ಲೆಂಡಿನ ಬಿ.ಬಿ.ಸಿ.ಯು ಕನ್ನಡದಲ್ಲಿ ಅಂಥ ಸೇವೆಯನ್ನು ನಡೆಸಲಿಲ್ಲ. ಹೀಗಿರಲು ಬಾನುಲಿಯಲ್ಲಿ ಕನ್ನಡ ವಾರ್ತೆಯೆಂದರೆ ಆಕಾಶವಾಣಿಯ ವಾರ್ತೆ, ಎರಡನೆಯದಿಲ್ಲ. ಪ್ರತಿಸ್ಪರ್ಧಿಯಿಲ್ಲದ ಸ್ಥಾನದಲ್ಲಿರುವ ಸಂಸ್ಥೆಗೆ ಶ್ರೋತೃವನ್ನು ಒಲಿಸಿಕೊಳ್ಳುವ ಆತುರವು ಸಹಜವಾಗಿ ಕಡಮೆ. ಆದರೆ ಅದು ಒಲಿಸಿಕೊಳ್ಳದೆ ಬಿಟ್ಟ ತರುಣನಿಗೆ ಬಾನುಲಿಯಲ್ಲಿ ಮತ್ತೊಂದು ಬಾಗಿಲಿಲ್ಲ. ಪ್ರಶ್ನೆಯ ತೂಕವಿರುವುದು ಇಲ್ಲಿಯೇ.

ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೨೭ನೆಯ ಇಸವಿಯ ಜುಲೈ ೨೩ರಂದು ಮುಂಬಯಿ ನಿಲಯವು ಪ್ರಾರಂಭವಾಯಿತು. ಆ ಕಂಪನಿಯು ನಷ್ಟದಲ್ಲಿ ಮುಳುಗಿದ ಮೇಲೆ ಸರಕಾರವು ೧೯೩೦ರಲ್ಲಿ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ೧೯೩೬ರಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದಿತು. ಅದಕ್ಕೆ ಮುನ್ನವೇ, ೧೯೩೫ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ನಿಲಯವನ್ನು ಸ್ಥಾಪಿಸಿದ್ದರು; ಆಕಾಶವಾಣಿಯೆಂಬ ಹೆಸರು ಅಲ್ಲಿಯದು, ಅದನ್ನೇ ಮುಂದೆ ಅಖಿಲ ಭಾರತ ಸಂಸ್ಥೆಯೂ ಸ್ವೀಕರಿಸಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯ ಜನರಿಗೆ, ಎಂದರೆ ರೋಣ ನರಗುಂದಗಳವರಿಗೆ, ತಮ್ಮದೆನ್ನಬಹುದಾದ ನಿಲಯವು ದೊರೆತುದು ೧೯೫೦ನೆಯ ಇಸವಿಯ ಜನವರಿ ೮ರಂದು, ಧಾರವಾಡದಲ್ಲಿ. ವರಕವಿ ಬೇಂದ್ರೆಯವರು ಮುಂದೆ ಈ ನಿಲಯದ ಸಲಹೆಗಾರರಾಗಿದ್ದರು. ಮಧ್ಯಮ ತರಂಗದ ೭೬೫ ಕಿಲೋಹರ್ಟ್ಸ್‌ನಲ್ಲಿ ಈ ನಿಲಯದ ಧ್ವನಿಯು ಬಯಲುಸೀಮೆಯ ಮೂಲೆ ಮೂಲೆಗಳನ್ನು ಮುಟ್ಟಿತು. ದೆಹಲಿಯ ಕನ್ನಡ ವಾರ್ತೆಯೂ ಪ್ರದೇಶ ಸಮಾಚಾರವೂ ಜೊತೆ ಜೊತೆಯಾಗಿ ಮನೆಗಳನ್ನು ಹೊಕ್ಕುವು.

ಆ ಕಾಲದ ತರುಣನು ವಾರ್ತೆಯನ್ನು ಆರಿಸಿಕೊಂಡು ಕೇಳಿದವನಲ್ಲ ಎಂಬುದನ್ನು ಮೊದಲು ಗಮನಿಸಬೇಕು. ವೃತ್ತಪತ್ರಿಕೆಯನ್ನು ಓದಲು ಕೈಗೆತ್ತಿಕೊಳ್ಳಬೇಕು, ಕಣ್ಣು ಕೊಡಬೇಕು, ಅಕ್ಷರ ಬಲ್ಲವನಾಗಿರಬೇಕು. ಬಾನುಲಿಯ ಧ್ವನಿಯಾದರೋ ಕರೆಯದಿದ್ದವರ ಬಳಿಗೂ ಹೋಗುತ್ತದೆ. ಅಂಚೆ ಕಚೇರಿಯಲ್ಲಿ ಪ್ರತಿವರ್ಷವೂ ಹಣ ಕಟ್ಟಿ ಪರವಾನಗಿ ಪಡೆಯಬೇಕಾಗಿದ್ದ ದಿನಗಳಲ್ಲಿ (ಈ ಪದ್ಧತಿಯು ೧೯೮೦ರ ದಶಕದ ಮಧ್ಯದವರೆಗೂ ನಡೆಯಿತು) ಓಣಿಗೊಂದು ರೇಡಿಯೋ ಇದ್ದರೆ ಅದೇ ಹೆಚ್ಚು. ಹಿರಿಯರು ವಾರ್ತೆಗಾಗಿ ಅದನ್ನು ಹಚ್ಚುವರು. ಪಡಸಾಲೆಯಲ್ಲಿ ಪಾಠ ಓದುತ್ತಿದ್ದ ಹುಡುಗನೂ ಒಳಗೆ ರೊಟ್ಟಿ ಬಡಿಯುತ್ತಿದ್ದ ಹುಡುಗಿಯೂ ಕೇಳುವರು. ಹುಡುಗಿಯ ವಿಷಯದಲ್ಲಿ ಇದು ಇನ್ನೂ ಮಹತ್ತ್ವದ್ದು. ಚಾವಡಿಯ ಪತ್ರಿಕೆಯ ಹತ್ತಿರ ಅವಳು ಸುಳಿಯುವಂತಿರಲಿಲ್ಲ. ವಾರ್ತೆಯೇ ಅಡಿಗೆಮನೆಗೆ ಬಂದಿತು.

ಈ ಅನೈಚ್ಛಿಕ ಶ್ರವಣದ ಫಲಕ್ಕೆ ಒಂದು ನಿದರ್ಶನವು ಕನ್ನಡಿಗರೆಲ್ಲರಿಗೂ ಪರಿಚಿತವಾದುದು. ೧೯೭೪ನೆಯ ಇಸವಿಯ ಜೂನ್ ೩೦ರಂದು ದೆಹಲಿಯಿಂದ ಸಂಸ್ಕೃತ ವಾರ್ತೆಯು ಮೊದಲಾಯಿತು; ಬೆಳಗ್ಗೆ ೬-೫೫ಕ್ಕೆ ಬರುತ್ತಿದ್ದ ಐದು ನಿಮಿಷಗಳ ಈ ವಾರ್ತೆಯನ್ನು ಬಲದೇವಾನಂದ ಸಾಗರರು ಓದುವ ದಿನಗಳಲ್ಲಿ ಅವರು ತಮ್ಮ ಹೆಸರನ್ನು ಹೇಳುವ ರೀತಿಯನ್ನು ಅನುಕರಿಸದ ಶಾಲಾಬಾಲಕರು ನಮ್ಮಲ್ಲಿ ವಿರಳ. ಸಂಸ್ಕೃತದ ಒಂದು ವಿಭಕ್ತಿಯನ್ನೂ ಅರಿಯದವರು ಅದನ್ನು ನಿತ್ಯವೂ ಕೇಳಿದರು. ಏಕೆ? ಮುಂದೆ ಕನ್ನಡ ವಾರ್ತೆ ಬರುವುದಿತ್ತು, ಶಾಲೆಗೆ ಹೊರಡುವ ಹೊತ್ತನ್ನು ಆ ಧ್ವನಿಗಳಿಂದಲೇ ಅಳೆಯಬೇಕಾಗಿದ್ದಿತು. ಅದು ಪ್ರಾರಂಭವಾಯಿತೆಂದರೆ ಮೀಯುವ ಹೊತ್ತು, ೭-೩೫ರ ದೆಹಲಿ ವಾರ್ತೆ ಮುಗಿಯಿತೆಂದರೆ ಉಣ್ಣುವ ಹೊತ್ತು. ವಾರ್ತೆಯು ಗಡಿಯಾರವಾಗಿ ಮನೆಯನ್ನು ಹೊಕ್ಕು, ಬಳಿಕ ವಾರ್ತೆಯಾಯಿತು. ಅಧಿವೇಶನ, ಮಸೂದೆ, ಒಪ್ಪಂದ, ನಿಯೋಗ ಮೊದಲಾದ ಶಬ್ದಗಳು ಪಾಠಪುಸ್ತಕದಿಂದಲ್ಲದೆ ಕಿವಿಯಿಂದ ತರುಣರಿಗೆ ಬಂದುವು. ಮೈಸೂರಿನದೂ ಅಲ್ಲದ, ಧಾರವಾಡದ ಆಡುನುಡಿಯೂ ಅಲ್ಲದ ಒಂದು ಸಾಮಾನ್ಯ ಕನ್ನಡವು ರೋಣದ ಹುಡುಗನಿಗೂ ಚಾಮರಾಜನಗರದ ಹುಡುಗನಿಗೂ ಏಕಕಾಲದಲ್ಲಿ ದೊರೆಯಿತು. ಕರ್ನಾಟಕದ ಏಕೀಕರಣವು ೧೯೫೬ರ ನವೆಂಬರ್ ೧ರಂದು ಆಯಿತೆಂಬುದು ರಾಜ್ಯಶಾಸ್ತ್ರದ ಮಾತು. ಕಿವಿಯ ಏಕೀಕರಣವು ನಿತ್ಯದ ವಾರ್ತೆಯಿಂದ ನಿಧಾನವಾಗಿ ನಡೆಯಿತೆಂದರೆ ಅತಿಶಯೋಕ್ತಿಯಾಗಲಾರದು.

ಕೇಳುವುದರ ಜೊತೆಗೆ ಮಾತಾಡುವುದೂ ಕೂಡಿದಾಗ ಏನಾಗುತ್ತದೆಂಬುದಕ್ಕೆ ನೆರೆಯ ನಾಡಿನ ಒಂದು ಪ್ರಯೋಗವು ಸಾಕ್ಷಿ. ೧೯೫೬ರಲ್ಲಿ ಪುಣೆಯ ನಿಲಯದಿಂದ ಮರಾಠಿ ಜಿಲ್ಲೆಗಳ ಸುಮಾರು ನೂರೈವತ್ತು ಹಳ್ಳಿಗಳಿಗೆ ಯುನೆಸ್ಕೋದ ನೆರವಿನಿಂದ ಗ್ರಾಮೀಣ ಬಾನುಲಿ ವೇದಿಕೆಯೆಂಬ ಕಾರ್ಯಕ್ರಮವು ನಡೆಯಿತು. ಊರವರು ಕೂಡಿ ಕುಳಿತು ಕೇಳಿ, ಕೇಳಿದುದನ್ನು ಚರ್ಚಿಸುತ್ತಿದ್ದರು. ಪಾಲ್ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ, ರೇಡಿಯೋ ಮಾತ್ರವಿದ್ದ ಹಳ್ಳಿಗಳಿಗಿಂತಲೂ ಚರ್ಚೆಯಿದ್ದ ಹಳ್ಳಿಗಳಲ್ಲಿ ತಿಳಿವಳಿಕೆಯು ಹೆಚ್ಚಾಗಿ ಬೆಳೆಯಿತೆಂದು ಕಂಡರು. ಅದು ವಾರ್ತೆಯಲ್ಲ, ಕೃಷಿ ಆರೋಗ್ಯಾದಿ ವಿಷಯಗಳ ಬೋಧನೆ. ಆದರೂ ನಮ್ಮ ಪಡಸಾಲೆಯಲ್ಲಿ ವಾರ್ತೆ ಮುಗಿದೊಡನೆ ನಡೆಯುತ್ತಿದ್ದ ಮಾತಿಗೂ ಇದೇ ಫಲವಿದ್ದಿರಬೇಕು.

ತರುಣರಿಗಾಗಿಯೇ ಪ್ರತ್ಯೇಕವಾದ ಒಂದು ಕೋಣೆಯನ್ನು ಆಕಾಶವಾಣಿಯು ಕಟ್ಟಿದುದು ೧೯೬೯ರಲ್ಲಿ. ಆ ವರ್ಷದ ಜುಲೈ ೨೧ರಂದು ದೆಹಲಿಯಲ್ಲಿ ಯುವವಾಣಿಯು ಮೊದಲಾಗಿ ಕ್ರಮೇಣ ಇತರ ನಿಲಯಗಳಿಗೂ ಹಬ್ಬಿತು. ತರುಣರು ತಾವೇ ಮೈಕಿನ ಮುಂದೆ ಬಂದು ಕವಿತೆ ಓದಿದರು, ಹಾಡಿದರು, ಚರ್ಚಿಸಿದರು. ಇದು ದೊಡ್ಡ ಉಪಕಾರವೇ ಸರಿ. ಆದರೆ ಯುವವಾಣಿಯ ಬಾಗಿಲಿನಿಂದ ವಾರ್ತೆಯು ಬಹುಮಟ್ಟಿಗೆ ಹೊರಗೇ ಉಳಿಯಿತು. ತರುಣನ ಪಾಲಿಗೆ ಹಾಡು ಕವಿತೆಗಳು, ಪ್ರೌಢನ ಪಾಲಿಗೆ ವಾರ್ತೆ ಎಂಬ ಈ ವಿಭಾಗವು ನನ್ನ ಅಭಿಪ್ರಾಯದಲ್ಲಿ ಹಿತಕರವಾಗಿರಲಿಲ್ಲ. ಮತದಾನದ ವಯಸ್ಸು ೧೯೮೯ರಲ್ಲಿ ಇಪ್ಪತ್ತೊಂದರಿಂದ ಹದಿನೆಂಟಕ್ಕಿಳಿಯಿತು. ವಾರ್ತೆಯು ಸಂಬೋಧಿಸುತ್ತಿದ್ದ ಶ್ರೋತೃವಿನ ವಯಸ್ಸು ಇಳಿಯಲಿಲ್ಲ.

ಇಂಗ್ಲೆಂಡಿನಲ್ಲಿ ಬಿ.ಬಿ.ಸಿ.ಯು ಬೇರೊಂದು ಮಾರ್ಗವನ್ನು ಹಿಡಿಯಿತು. ಸಮುದ್ರದಲ್ಲಿ ಹಡಗುಗಳನ್ನು ನಿಲ್ಲಿಸಿ ಅನುಮತಿಯಿಲ್ಲದೆ ಹಾಡು ಬಿತ್ತರಿಸುತ್ತಿದ್ದವರು ತರುಣರನ್ನೆಲ್ಲ ಸೆಳೆದುಕೊಂಡಾಗ, ಆ ಸಂಸ್ಥೆಯು ೧೯೬೭ರಲ್ಲಿ ರೇಡಿಯೋ ವನ್ ಎಂಬ ಹಾಡಿನ ನಿಲಯವನ್ನು ತಾನೇ ತೆರೆಯಿತು. ೧೯೭೩ರ ಸೆಪ್ಟೆಂಬರಿನಲ್ಲಿ ಅದೇ ನಿಲಯದ ನಡುವೆ ನ್ಯೂಸ್‌ಬೀಟ್ ಎಂಬ ವಾರ್ತಾ ಕಾರ್ಯಕ್ರಮವನ್ನು ಸೇರಿಸಿತು. ವಾಕ್ಯಗಳು ಚಿಕ್ಕವು, ಮಾತು ಮನೆಮಾತು, ವಿಷಯಗಳಲ್ಲಿ ಉದ್ಯೋಗ, ಬಾಡಿಗೆ, ಸಂಗೀತ, ಕ್ರೀಡೆ, ಮಾದಕದ್ರವ್ಯ ಮೊದಲಾದುವಕ್ಕೆ ಆದ್ಯತೆ. ಹಾಡಿಗೆಂದು ಬಂದವರ ಕಿವಿಗೆ ವಾರ್ತೆಯನ್ನು ಹಾಕುವುದೇ ಅದರ ತಂತ್ರ. ಎಂದರೆ ನಮ್ಮ ಪಡಸಾಲೆಯಲ್ಲಿ ತಾನಾಗಿ ನಡೆದುದನ್ನು ಅವರು ಯೋಚಿಸಿ ಏರ್ಪಡಿಸಿದರು. ನಮ್ಮಲ್ಲಿ ಈ ಕ್ರಮವನ್ನು ಹಾಗೆಯೇ ತರುವುದಕ್ಕೆ ಅಡ್ಡಿಯಿದೆ: ತರುಣರು ಹೆಚ್ಚಾಗಿ ಕೇಳುವ ಹಾಡಿನ ನಿಲಯಗಳು ಖಾಸಗಿಯವರವು, ವಾರ್ತೆಯು ಆಕಾಶವಾಣಿಯದು. ೨೦೧೯ರ ಜನವರಿಯಲ್ಲಿ ಆಕಾಶವಾಣಿಯು ತನ್ನ ವಾರ್ತೆಯನ್ನು ಖಾಸಗಿ ನಿಲಯಗಳಿಗೆ ಪುಕ್ಕಟೆಯಾಗಿ ಕೊಡಲು ಮುಂದಾಯಿತು. ಆದರೆ ಬದಲಿಸಕೂಡದೆಂಬ ನಿಬಂಧನೆಯ ಕಾರಣ, ಗ್ರಾಂಥಿಕ ಭಾಷೆಯ ವಾರ್ತೆಯು ನಗೆಚಾಟಿಕೆಯ ಹಾಡುಗಳ ನಡುವೆ ಅತಿಥಿಯಂತೆ ಬಂದು ನಿಲ್ಲಬೇಕಾಗುವುದು.

ಈಗ ಭಾಷೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ತರುಣರು ದೂರವಾಗುವುದಕ್ಕೆ ಶಬ್ದಗಳ ಕಾಠಿಣ್ಯವೇ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಕಠಿಣ ಶಬ್ದವನ್ನು ತರುಣನು ಕೇಳಿ ಕೇಳಿ ಕಲಿಯುತ್ತಾನೆ. ತೊಡಕಿರುವುದು ವಾಕ್ಯದ ಕಟ್ಟಡದಲ್ಲಿ. ಕನ್ನಡದಲ್ಲಿ ಕ್ರಿಯಾಪದವು ಕೊನೆಗೆ ಬರುವುದು. ವಾರ್ತೆಯ ವಾಕ್ಯವು ಹೇಳಿದವರ ಹುದ್ದೆಯಿಂದ ಮೊದಲಾಗಿ, ನಡುವೆ ಹೇಳಿದ ವಿಷಯವನ್ನು ನುಂಗಿ, ‘ಎಂದು ತಿಳಿಸಿದ್ದಾರೆ’ ಎಂಬಲ್ಲಿ ಮುಗಿದರೆ, ಕೇಳುವವನು ವ್ಯಕ್ತಿಯನ್ನು ಮೊದಲು, ತಿಳಿಸುವ ಕ್ರಿಯೆಯನ್ನು ಕೊನೆಗೆ ಹಿಡಿಯುತ್ತಾನೆ. ವಿಷಯವು ನಡುವೆ ಜಾರಿ ಹೋಗುತ್ತದೆ. ಓದುವವನಾದರೆ ಹಿಂದಿರುಗಿ ನೋಡಬಹುದು, ಕೇಳುವವನಿಗೆ ಆ ಸೌಕರ್ಯವಿಲ್ಲ. ಉದಾಹರಣೆಗಾಗಿ ನಾನೇ ಕಟ್ಟಿದ ಎರಡು ವಾಕ್ಯಗಳನ್ನು ನೋಡಿರಿ. ‘ರಾಜ್ಯದ ಜಲಸಂಪನ್ಮೂಲ ಸಚಿವರು, ಮಲಪ್ರಭಾ ಅಚ್ಚುಕಟ್ಟು ಪ್ರದೇಶದ ಕಾಲುವೆಗಳಿಗೆ ನೀರು ಹರಿಸುವ ಕುರಿತು ಸೂಕ್ತ ಕ್ರಮ ಕೈಗೊಳ್ಳಲಾಗುವುದೆಂದು ತಿಳಿಸಿದ್ದಾರೆ.’ ಇದು ಒಂದು. ‘ಮಲಪ್ರಭೆಯ ಕಾಲುವೆಗಳಿಗೆ ಸೋಮವಾರದಿಂದ ನೀರು ಬರಲಿದೆ, ಹದಿನೈದು ದಿನ ಬಿಡುವರು. ಇದನ್ನು ತಿಳಿಸಿದವರು ಜಲಸಂಪನ್ಮೂಲ ಸಚಿವರು.’ ಇದು ಇನ್ನೊಂದು. ಎರಡನೆಯದರಲ್ಲಿ ಗ್ರಾಮ್ಯವೇನೂ ಇಲ್ಲ, ಸಚಿವರಿಗೆ ಅಗೌರವವೂ ಇಲ್ಲ. ಆದರೆ ನೀರು ಮೊದಲು ಬಂದಿತು, ಸಚಿವರು ಬಳಿಕ ಬಂದರು. ಮತ್ತು ಇಂಥ ವಾಕ್ಯವನ್ನು ಬರೆಯಬೇಕಾದರೆ ಬರೆಯುವವನು ಯಾವ ದಿನ, ಎಷ್ಟು ದಿನ ಎಂಬುದನ್ನು ಕೇಳಿ ತಿಳಿದುಕೊಂಡಿರಲೇಬೇಕು; ಮೊದಲನೆಯದಕ್ಕೆ ಆ ಶ್ರಮವೂ ಬೇಡ. ಹತ್ತು ನಿಮಿಷಗಳ ವಾರ್ತೆಯಲ್ಲಿ ಸಾವಿರದ ಆಸುಪಾಸಿಗಿಂತ ಹೆಚ್ಚು ಮಾತುಗಳು ಹಿಡಿಸಲಾರವು. ಅವುಗಳಲ್ಲಿ ಎಷ್ಟನ್ನು ಹುದ್ದೆಗಳಿಗೂ ‘ಸೂಕ್ತ ಕ್ರಮ’ಗಳಿಗೂ ವ್ಯಯಮಾಡಬೇಕೆಂಬುದು ಮಿತವ್ಯಯದ ಲೆಕ್ಕವೂ ಹೌದು.

ನೀರಿನ ಉದಾಹರಣೆಯನ್ನು ಸುಮ್ಮನೆ ತೆಗೆದುಕೊಂಡುದಲ್ಲ. ಈ ಸೀಮೆಯಲ್ಲಿ ತರುಣರ ಬಾಳನ್ನು ಹೊಕ್ಕ ವಾರ್ತೆಯೆಂದರೆ ಮಲಪ್ರಭೆಯದು. ೧೯೮೦ನೆಯ ಇಸವಿಯ ಜುಲೈ ೨೧ರಂದು ನೀರಿನ ಕರದ ವಿಷಯದಲ್ಲಿ ನರಗುಂದ ನವಲಗುಂದಗಳಲ್ಲಿ ರೈತರು ಬಂಡೆದ್ದು ಗೋಲಿಬಾರು ನಡೆಯಿತು. ೨೦೧೫ರ ಜುಲೈ ತಿಂಗಳಿಂದ ಮಹದಾಯಿ ಮತ್ತು ಕಳಸಾ-ಬಂಡೂರಿಗಳ ನೀರಿಗಾಗಿ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ನಡೆಯಿತು. ೨೦೧೮ರ ಆಗಸ್ಟ್ ೧೪ರಂದು ನ್ಯಾಯಾಧಿಕರಣವು ತನ್ನ ತೀರ್ಪನ್ನಿತ್ತಿತು. ಮರುವರ್ಷದ ಆಗಸ್ಟಿನಲ್ಲಿ ಅದೇ ಮಲಪ್ರಭೆಯು ಉಕ್ಕಿ ರೋಣ ನರಗುಂದ ತಾಲೂಕುಗಳ ಹೊಳೆದಂಡೆಯ ಹಳ್ಳಿಗಳನ್ನು ಮುಳುಗಿಸಿತು. ನವಿಲುತೀರ್ಥದ ಅಣೆಕಟ್ಟಿನಿಂದ ಈ ದಿನ ಎಷ್ಟು ಕ್ಯೂಸೆಕ್ಸು ನೀರನ್ನು ಬಿಟ್ಟರೆಂಬ ಒಂದು ಅಂಕೆಯು ಅಂಥ ರಾತ್ರಿಯಲ್ಲಿ ಇಪ್ಪತ್ತು ವರ್ಷದ ಹುಡುಗನಿಗೆ ಯಾವ ಸಿನಿಮಾ ಹಾಡಿಗಿಂತಲೂ ಬೇಕಾದುದು. ದನಗಳನ್ನು ಬಿಚ್ಚಬೇಕೇ, ಅಜ್ಜಿಯನ್ನು ಹೊತ್ತು ದಿಬ್ಬಕ್ಕೆ ಹೋಗಬೇಕೇ ಎಂಬುದು ಆ ಅಂಕೆಯಿಂದ ನಿಶ್ಚಯವಾಗುವುದು. ವಿದ್ಯುತ್ತು ನಿಂತು ಮೊಬೈಲಿನ ಗೋಪುರಗಳು ಮೂಕವಾದಾಗ ಎರಡು ಸೆಲ್ಲಿನ ರೇಡಿಯೋ ಒಂದೇ ಮಾತಾಡಬಲ್ಲುದು.

ಸಾಮೀಪ್ಯವು ಸಂಕಟದ ಕಾಲಕ್ಕೆ ಮಾತ್ರ ಬೇಕೆಂದು ತಿಳಿಯಬಾರದು. ೧೯೯೯ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ಗದಗಿನ ಸುನೀಲ ಜೋಶಿಯವರು ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರುಗಳಲ್ಲಿ ಆರೇ ಓಟ ಕೊಟ್ಟು ಐದು ಹುದ್ದರಿಗಳನ್ನು ಕಿತ್ತರು. ಇಂಥ ಸುದ್ದಿಯಲ್ಲಿ ಗದಗು ಎಂಬ ಒಂದು ಹೆಸರು ಸೇರಿದರೆ ರೋಣದ ಹುಡುಗನು ಬಳಿಕ ಬರುವ ನೈರೋಬಿಯನ್ನೂ ಭೂಪಟದಲ್ಲಿ ಹುಡುಕುತ್ತಾನೆ. ೨೦೦೮ರಲ್ಲಿ ಈ ನಾಡಿನವರಾದ ಭೀಮಸೇನ ಜೋಶಿಯವರಿಗೆ ಭಾರತರತ್ನವು ದೊರೆತಾಗಲೂ ಹಾಗೆಯೇ. ಹತ್ತಿರದ ಹೆಸರು ದೂರದ ವಿಷಯಕ್ಕೆ ಬಾಗಿಲಾಗುವುದು. ಧಾರವಾಡದ ಪ್ರದೇಶ ಸಮಾಚಾರಕ್ಕೆ ದೆಹಲಿಯ ವಾರ್ತೆಗಿಲ್ಲದ ಅನುಕೂಲವಿರುವುದು ಈ ವಿಷಯದಲ್ಲಿ.

ಇನ್ನು ವಿಶ್ವಾಸ. ಆಕಾಶವಾಣಿಯು ಸರಕಾರದ ಧ್ವನಿಯೆಂಬ ಆಕ್ಷೇಪಣೆ ಹಳೆಯದು, ನಿರಾಧಾರವೂ ಅಲ್ಲ. ೧೯೭೫ರಿಂದ ೧೯೭೭ರ ವರೆಗಿನ ತುರ್ತು ಪರಿಸ್ಥಿತಿಯಲ್ಲಿ ಅದರ ವಾರ್ತೆಯು ಏನಾಗಿದ್ದಿತೆಂಬುದನ್ನು ಅಂದಿನ ತರುಣರು ಮರೆಯಲಿಲ್ಲ. ಸ್ವಾಯತ್ತತೆ ಬೇಕೆಂದು ೧೯೬೬ರಲ್ಲಿ ಚಂದಾ ಸಮಿತಿಯೂ ೧೯೭೮ರಲ್ಲಿ ವರ್ಗೀಸ್ ಸಮಿತಿಯೂ ಹೇಳಿದುವು; ಪ್ರಸಾರ ಭಾರತಿ ಕಾಯಿದೆ ೧೯೯೦ರಲ್ಲಿ ಆಗಿ, ೧೯೯೭ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಕಾಗದದ ಸ್ವಾತಂತ್ರ್ಯವು ವಾರ್ತೆಯ ಸ್ವಾತಂತ್ರ್ಯವಾಗಿದೆಯೇ ಎಂಬುದು ಪ್ರತಿನಿತ್ಯವೂ ಕೇಳತಕ್ಕ ಪ್ರಶ್ನೆ, ತರುಣರಂತೂ ಕೇಳದೆ ಬಿಡುವವರಲ್ಲ. ಇಷ್ಟಾದರೂ ಒಂದು ಗುಣವನ್ನು ಒಪ್ಪಲೇಬೇಕು: ಪರೀಕ್ಷಿಸದ ಗಾಳಿಮಾತನ್ನು ಅದು ಓದುವುದಿಲ್ಲ. ೨೦೧೮ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶವು ಮೊಬೈಲುಗಳಲ್ಲಿ ಹರಿದು, ಹೈದರಾಬಾದಿನಿಂದ ಬಂದಿದ್ದ ನಿರಪರಾಧಿಯೊಬ್ಬನನ್ನು ಜನರು ಬಡಿದು ಕೊಂದರು. ವಾರ್ತೆಯು ತಡವಾಗಿ ಬರುವುದೆಂದು ಬೇಸರಪಡುವ ತರುಣರ ಮುಂದೆ ಈ ಘಟನೆಯನ್ನಿಡಬಹುದು. ಬಾನುಲಿಯು ಇಲ್ಲಿ ತನ್ನ ಗುಣವನ್ನು ಸಾಕಷ್ಟು ಬಳಸಿಕೊಂಡಿಲ್ಲವೆಂದೂ ಹೇಳಬೇಕು. ಊರಲ್ಲಿ ಹಬ್ಬಿದ ಸುಳ್ಳನ್ನು ಓದದೆ ಬಿಡುವುದು ಒಂದು, ಅದು ಸುಳ್ಳೆಂದು ಹೆಸರು ಹಿಡಿದು ಹೇಳುವುದು ಇನ್ನೊಂದು.

ಈಚಿನ ದಿನಗಳಲ್ಲಿ ತರುಣರನ್ನು ಮತ್ತೆ ವಾರ್ತೆಯತ್ತ ಎಳೆದುತಂದಿರುವ ಒಂದು ಕಾರಣವನ್ನು ಹೇಳದೆ ಬಿಡುವಂತಿಲ್ಲ. ಅದು ಸ್ಪರ್ಧಾತ್ಮಕ ಪರೀಕ್ಷೆ. ಧಾರವಾಡವು ಉತ್ತರ ಕರ್ನಾಟಕದ ಹಳ್ಳಿಗಳ ಪದವೀಧರರು ಬಂದು ಕೊಠಡಿ ಹಿಡಿದು ಪೊಲೀಸು, ಶಿಕ್ಷಕ, ಆಡಳಿತ ಸೇವೆಗಳ ಪರೀಕ್ಷೆಗಳಿಗೆ ಓದುವ ದೊಡ್ಡ ಕೇಂದ್ರವಾಗಿದೆ. ಪ್ರಚಲಿತ ವಿದ್ಯಮಾನಗಳೆಂಬುದು ಅಲ್ಲಿ ಒಂದು ವಿಷಯ. ಆಕಾಶವಾಣಿಯ ವಾರ್ತೆಯಲ್ಲಿ ಅಬ್ಬರವಿಲ್ಲ, ಹೆಸರು ಹುದ್ದೆ ದಿನಾಂಕಗಳು ಖಚಿತವಾಗಿರುತ್ತವೆ. ಮೇಲೆ ನಾವು ದೋಷವೆಂದು ಎಣಿಸಿದ ಹುದ್ದೆಗಳ ಪಟ್ಟಿಯೇ ಪರೀಕ್ಷಾರ್ಥಿಗೆ ಗುಣವಾಗಿ ಪರಿಣಮಿಸಿರುವುದು ವಿನೋದವೇ ಸರಿ. ಸಂಸ್ಥೆಯ ಮೊಬೈಲ್ ತಂತ್ರಾಂಶದಲ್ಲಿ ವಾರ್ತೆಗಳ ಧ್ವನಿಮುದ್ರಿಕೆಗಳು ದೊರೆಯುತ್ತವೆ. ಬೇಕಾದಾಗ ಕೇಳಬಹುದು, ನಿಲ್ಲಿಸಿ ಬರೆದುಕೊಳ್ಳಬಹುದು. ಕೇಳುವವನಿಗೆ ಇಲ್ಲದಿದ್ದ, ಹಿಂದಿರುಗಿ ನೋಡುವ ಸೌಕರ್ಯವು ಕೊನೆಗೂ ಬಂದಿತು. ಆದರೆ ಹುಡುಕಿಕೊಂಡು ಬಂದವನಿಗೆ ಮಾತ್ರ ಬಂದಿತು. ಕಿವಿಗೆ ಗೂಟ ಚುಚ್ಚಿಕೊಂಡು ಕೇಳುವವನ ವಾರ್ತೆಯು ಪಕ್ಕದಲ್ಲಿ ರೊಟ್ಟಿ ಬಡಿಯುವ ತಂಗಿಗೆ ಕೇಳಿಸದು. ಪರೀಕ್ಷೆ ಬರೆಯದ, ಹೊಲಕ್ಕೆ ಹೋಗುವ, ಗಾರೆಯ ಕೆಲಸಕ್ಕೆಂದು ಗೋವೆಗೆ ಗುಳೆಹೋಗುವ ತರುಣನು ಈ ಸೌಕರ್ಯದ ಹೊರಗಿದ್ದಾನೆ. ಕೂಲಿಯ ದರ, ಬೆಳೆವಿಮೆ, ಮಳೆ, ರೈಲು ಇವುಗಳ ನಿಶ್ಚಿತವಾದ ಸುದ್ದಿಯು ಹೆಚ್ಚಾಗಿ ಬೇಕಾದವನು ಅವನೇ.

ಅನೈಚ್ಛಿಕ ಶ್ರವಣವು ಇನ್ನೂ ಉಳಿದಿರುವ ಒಂದು ಸ್ಥಳವನ್ನು ಹೇಳಿ ಮುಗಿಸುತ್ತೇನೆ. ನಮ್ಮ ಕನ್ನಡ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯ ಬಳಿಕ ಒಬ್ಬ ವಿದ್ಯಾರ್ಥಿಯು ದಿನದ ಮುಖ್ಯ ವಾರ್ತೆಗಳನ್ನು ಓದುವ ಪದ್ಧತಿ ಬಹಳ ಕಡೆ ಇದೆ. ಪತ್ರಿಕೆಯು ಹೊತ್ತಿಗೆ ಸರಿಯಾಗಿ ಬಾರದ ಹಳ್ಳಿಗಳಲ್ಲಿ ಈ ವಾರ್ತೆಗಳನ್ನು ಬೆಳಗಿನ ರೇಡಿಯೋದಿಂದ ಬರೆದುಕೊಂಡು ಬರುವುದುಂಟು. ಬರೆಯುವ ಬಾಲಕಿಯು ಹತ್ತು ನಿಮಿಷದ ವಾರ್ತೆಯನ್ನು ಕೇಳಿ, ಅದರಿಂದ ಐದಾರು ವಾಕ್ಯಗಳನ್ನು ಆರಿಸಬೇಕು, ಉಳಿದುದನ್ನು ಬಿಡಬೇಕು, ಹುದ್ದೆಗಳನ್ನು ಕಿರಿದುಮಾಡಿ, ಸಹಪಾಠಿಗಳಿಗೆ ತಿಳಿಯುವಂತೆ ಸಾಲಾಗಿ ನಿಂತವರ ಮುಂದೆ ಗಟ್ಟಿಯಾಗಿ ಓದಬೇಕು. ನಿಲಯದ ಸಂಪಾದಕನು ಮಾಡುವ ಕೆಲಸವೇ ಇದು, ಮಾಡುವ ಕೈ ಮಾತ್ರ ಚಿಕ್ಕದು. ಧಾರವಾಡದ ವಾರ್ತಾವಿಭಾಗದವರು ಒಂದು ತಿಂಗಳ ಕಾಲ ರೋಣ, ಗಜೇಂದ್ರಗಡ, ನರಗುಂದ ತಾಲೂಕುಗಳ ಶಾಲೆಗಳಿಂದ ಇಂಥ ಚೀಟಿಗಳನ್ನು ತರಿಸಿಕೊಂಡು, ತಾವು ಓದಿದ ವಾರ್ತೆಯಲ್ಲಿ ಯಾವ ವಾಕ್ಯಗಳು ಅವುಗಳಲ್ಲಿ ಉಳಿದುವು, ಯಾವುವು ದಾರಿಯಲ್ಲಿ ಉದುರಿದುವು ಎಂಬುದನ್ನು ಎಣಿಸಿ ನೋಡಬಹುದು.